ಅತಿಥಿಗಳ ಕಾಯಿಲೆ

ಶಿಖರಕ್ಕೆ ಮುಂಚಿನ ಕೊನೆಯ ತಂಗುದಾಣವಾದ ಕಿಬೋದ ಕಲ್ಲಿನ ಕೋಣೆಯಲ್ಲಿ ರಾತ್ರಿ ಹನ್ನೊಂದೂಕಾಲಕ್ಕೆ ಐಕಾಯೆಲಿ ಲಿಮೊ ತನ್ನ ಅತಿಥಿಯ ಬೆರಳನ್ನು ಅಳೆಸಿದ. ಯಂತ್ರವನ್ನು ಬೆರಳಿಗೆ ಸಿಕ್ಕಿಸಿ ಅಂಕಿಯನ್ನು ಓದುವ ಕೆಲಸ ಸಹಾಯಕ ಗೈಡನದು, ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುವ ಕೆಲಸ ಮುಖ್ಯ ಗೈಡನದು. ಬಟ್ಟೆಗೆ ಹಾಕುವ ಕ್ಲಿಪ್ಪಿನಷ್ಟೇ ಇರುವ ಆ ಯಂತ್ರ ಬೆಟ್ಟಕ್ಕೆ ಬಂದ ದಿನದಿಂದ ಈ ಕ್ರಮ ತಪ್ಪಿರಲಿಲ್ಲ. ರಕ್ತದಲ್ಲಿ ಆಮ್ಲಜನಕ ನೂರಕ್ಕೆ ಎಷ್ಟಿದೆಯೆಂದು ಅದು ಹತ್ತು ಸೆಕೆಂಡಿನಲ್ಲಿ ಹೇಳುತ್ತಿತ್ತು.

“ಎಂಬತ್ಮೂರು,” ಎಂದ ಸಹಾಯಕ ಗೈಡ್ ಒಂಬೆನಿ. “ನಾಡಿ ನೂರಾ ನಾಲ್ಕು. ಅಮ್ಮನ ರಕ್ತ ನನ್ನ ಲಾರಿ ಡೀಸೆಲ್‌ಗಿಂತ ಶುದ್ಧವಾಗಿದೆ, ಭಾವ. ಬರ್ಕೊಳ್ಳಿ.”

ಐಕಾಯೆಲಿ ಬರೆದುಕೊಂಡ. ಸಮುದ್ರಮಟ್ಟದಿಂದ ನಾಲ್ಕು ಸಾವಿರದ ಏಳುನೂರು ಮೀಟರ್ ಮೇಲೆ, ಐವತ್ತೆಂಟು ವರ್ಷದ ಹೆಂಗಸಿಗೆ, ಎಂಬತ್ತಮೂರು ಒಳ್ಳೆಯ ಅಂಕಿ. ಅತಿಥಿಯ ಹೆಸರು ಮಾರಿಕೆ. ಡಚ್ಚರವಳು, ತಬೋರಾದ ಮಿಷನ್ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷ ಸೂಲಗಿತ್ತಿಯಾಗಿ ದುಡಿದು, ಊರಿಗೆ ಹಿಂದಿರುಗುವ ಮುನ್ನ ಬೆಟ್ಟವನ್ನೊಮ್ಮೆ ಹತ್ತಬೇಕೆಂದು ಬಂದಿದ್ದಳು. ಅವಳಿಗೆ ಸ್ವಾಹಿಲಿ ನೀರು ಕುಡಿದಷ್ಟು ಸಲೀಸು.

“ನಿನ್ನ ಬೆರಳೂ ಇಡು, ನೋಡೋಣ,” ಎಂದಳು ಒಂಬೆನಿಗೆ. “ಮೂರು ದಿನದಿಂದ ಕೆಮ್ತಾ ಇದ್ದೀಯ.”

“ನನ್ನ ಬೆರಳಾ? ಬೇಡ ಅಮ್ಮಾ. ಮೆಷಿನ್ ಹೆದರಿಕೊಂಡು ಹಾಲೆಂಡಿಗೆ ಓಡಿಹೋಗುತ್ತೆ.”

“ಕೆಮ್ಮು?”

“ಕಿಸಾಂಗಾನ ಸೀಮೆಎಣ್ಣೆ ಒಲೆಯದು. ಅವನ ಅಡುಗೆ ಉಂಡರೆ ಹೊಟ್ಟೆ ಹಾಳು, ಪಕ್ಕದಲ್ಲಿ ಮಲಗಿದರೆ ಎದೆ ಹಾಳು.”

ಬಾಗಿಲ ಬಳಿ ಗಂಜಿಯ ಪಾತ್ರೆ ಹಿಡಿದು ನಿಂತಿದ್ದ ಅಡುಗೆಯ ಕಿಸಾಂಗಾ, “ಸಮುದ್ರದ ಮೀನಿಗೆ ಬೆಟ್ಟದ ಅಡುಗೆ ಎಲ್ಲಿ ರುಚಿಸಬೇಕು ಹೇಳಿ,” ಎಂದ. ಎಲ್ಲರೂ ನಕ್ಕರು, ಒಂಬೆನಿಯೂ ನಕ್ಕ. ನಗು ಕೆಮ್ಮಿಗೆ ತಿರುಗಿತು. ಅವನು ಎದ್ದು ಹೊರಗೆ ಹೋಗಿ ಕೆಮ್ಮಿ ಮುಗಿಸಿ ಬಂದ.

‘ಸಮುದ್ರದ ಮೀನು’ ಎಂಬ ಹೆಸರು ಬೆಟ್ಟದ ಬುಡದ ತಮ್ಮೂರು ಮರಾಂಗುವಿನ ಹೆಬ್ಬಾಗಿಲಿನಲ್ಲೇ ಅವನಿಗೆ ಅಂಟಿತ್ತು. ಮದುವೆಗೆ ಮೊದಲು ಏಳು ವರ್ಷ ಬೆಟ್ಟದಲ್ಲಿ ಹೊರೆ ಹೊತ್ತು, ಸಹಾಯಕ ಗೈಡಾಗಿ ದುಡಿದಿದ್ದ ಒಂಬೆನಿ, ಆಮೇಲೆ ಟಾಂಗಾ ಬಂದರಿಗೆ ಹೋಗಿ ನಾಲ್ಕು ವರ್ಷ ಸಿಮೆಂಟಿನ ಲಾರಿ ಓಡಿಸಿದ. ಲಾರಿಯ ಕೆಲಸ ಹೋದ ಮೇಲೆ ಆರು ವಾರಗಳ ಹಿಂದೆ ಊರಿಗೆ ಮರಳಿದ್ದ. ಐಕಾಯೆಲಿಯ ಹೆಂಡತಿ ಎಲಿನೇಮಾ ಒಂಬೆನಿಯ ಅಕ್ಕ. ಊರಿಗೆ ಮರಳಿದ ಮೇಲಿನ ಮೊದಲ ಸಲ ತಮ್ಮನನ್ನು ಐಕಾಯೆಲಿಯೇ ಕರೆದುಕೊಂಡು ಹೋಗಬೇಕೆಂದು ಅವಳು ಕೇಳಿದ್ದಳು. “ಬೇರೆಯವರ ಜೊತೆ ಹೋದರೆ ಅವನು ಜಂಭಕ್ಕೆ ಓಡ್ತಾನೆ. ನೀವಾದರೆ ನೋಡ್ಕೊತೀರಿ,” ಎಂದಿದ್ದಳು.

ಐಕಾಯೆಲಿ ಒಪ್ಪಿದ್ದ. ಅವನ ಮನಸ್ಸಿನಲ್ಲಿ ಇದೊಂದು ಪರೀಕ್ಷೆಯೂ ಆಗಿತ್ತು. ಈ ಸಲ ಶಿಖರ ಮುಟ್ಟಿ ಬಂದರೆ ಒಂಬೆನಿಯ ಹೆಸರು ಮತ್ತೆ ಗೈಡುಗಳ ಪಟ್ಟಿಗೆ ಸೇರುತ್ತದೆ. ನಡುವೆ ತಿರುಗಿದರೆ ಹೆಬ್ಬಾಗಿಲಿನಲ್ಲಿ ಕಾಯುವ ನೂರಾರು ಗಂಡಸರ ಬಾಯಿಗೆ ಅದೇ ಕತೆ. ಬೆಟ್ಟ ಇವನನ್ನು ಒಪ್ಪಲಿಲ್ಲವೆನ್ನುವರು, ಮುಂದಿನ ತಂಡದವರು ಬೇರೊಬ್ಬನನ್ನು ಕರೆಯುವರು.

ಬೆಟ್ಟದ ಕಾಯಿಲೆ ಅತಿಥಿಗಳ ಕಾಯಿಲೆ. ಮರಾಂಗುವಿನಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ತಲೆನೋವು, ವಾಂತಿ, ಕುಡಿದವರಂತೆ ತೂರಾಡುವ ನಡಿಗೆ, ಎದೆಯಲ್ಲಿ ಗೊರಗೊರ ಎನ್ನುವ ನೀರು, ಇವೆಲ್ಲ ವಿಮಾನದಲ್ಲಿ ಬಂದವರಿಗೆ ಆಗುತ್ತವೆ. ಯಂತ್ರ ಅತಿಥಿಗಳ ಊಟದ ಮೇಜನ್ನು ಸುತ್ತಿ ಪೆಟ್ಟಿಗೆಗೆ ಮರಳುತ್ತದೆ. ಅದು ಅಡುಗೆಮನೆಯ ಕಡೆಗೆ ಹೋದದ್ದನ್ನು ಐಕಾಯೆಲಿ ಇಪ್ಪತ್ತಾರು ವರ್ಷಗಳಲ್ಲಿ ಕಂಡಿರಲಿಲ್ಲ, ತಾನೂ ಕೊಂಡೊಯ್ದಿರಲಿಲ್ಲ.

ಹನ್ನೊಂದೂಮುಕ್ಕಾಲಕ್ಕೆ ಮೂವರೂ ಹೊರಟರು. ಮುಂದೆ ಐಕಾಯೆಲಿ, ನಡುವೆ ಮಾರಿಕೆ, ಹಿಂದೆ ಒಂಬೆನಿ. ಮಳೆಗಾಲದ ನವೆಂಬರ್ ಆದ್ದರಿಂದ ಆ ರಾತ್ರಿ ಮೇಲೆ ಬೇರೆ ತಂಡಗಳಿರಲಿಲ್ಲ. ಆದರೆ ಮೋಡವೆಲ್ಲ ಕೆಳಗೆ ಕಾಡಿನ ಮೇಲೆ ಉಳಿದು, ಆಕಾಶ ತೊಳೆದಂತಿತ್ತು. ಚಳಿ ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗೆ. ಐಕಾಯೆಲಿಯ ಚೀಲದಲ್ಲಿ ಔಷಧಿಯ ಪೆಟ್ಟಿಗೆ, ನಾಲ್ಕುನೂರು ಲೀಟರ್ ಆಮ್ಲಜನಕ ತುಂಬಿದ ಒಂದು ಸಿಲಿಂಡರ್, ಎರಡು ಥರ್ಮಾಸುಗಳಲ್ಲಿ ಶುಂಠಿ ಚಹಾ ಇದ್ದವು. ಬೆರಳಿನ ಯಂತ್ರ ಚಳಿಗೆ ಕೆಡಬಾರದೆಂದು ಅವನು ಅದನ್ನು ಒಳಜೇಬಿನಲ್ಲಿ ಇಟ್ಟುಕೊಂಡಿದ್ದ.

“ಪೋಲೆ, ಪೋಲೆ,” ಎಂದ ಐಕಾಯೆಲಿ, ನಿಧಾನ, ನಿಧಾನವೆಂದು. ಒಂದು ಹೆಜ್ಜೆಗೆ ಒಂದು ಉಸಿರು. ದಾರಿ ಜಲ್ಲಿಯ ಇಳಿಜಾರಿನ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತ ಏರುತ್ತಿತ್ತು. ಸಾಮಾನ್ಯವಾಗಿ ಹಿಂದಿನ ಗೈಡ್ ಹಾಡುತ್ತಾನೆ. ಅತಿಥಿಗೆ ನಿದ್ದೆ ಬರದಿರಲೆಂದೂ, ಮುಂದಿನವನಿಗೆ ಹಿಂದಿನವನು ಇದ್ದಾನೆಂದು ತಿಳಿಯಲೆಂದೂ. ಒಂಬೆನಿ ಮೊದಲ ಮುಕ್ಕಾಲು ಗಂಟೆ ಹಾಡಿದ. ಆಮೇಲೆ ಒಂದೊಂದು ಸಾಲು ಬಿಟ್ಟು ಹಾಡಿದ. ಒಂದು ಗಂಟೆಯ ಹೊತ್ತಿಗೆ ಅವನ ಹಾಡು ನಿಂತಿತು.

“ಏನಯ್ಯಾ, ಹಾಡು ಟಾಂಗಾದಲ್ಲೇ ಬಿಟ್ಟುಬಂದೆಯಾ?” ಎಂದು ಐಕಾಯೆಲಿ ತಿರುಗದೆಯೇ ಕೂಗಿದ.

“ಉಳಿಸ್ಕೊತಿದ್ದೀನಿ ಭಾವ. ಮೇಲೆ ಹೋಗಿ ಹಾಡೋಣ ಅಂತ.”

“ನಿನ್ನ ಹಾಡು ಕೇಳೋಕೆ ಮೇಲೆ ಯಾರಿದ್ದಾರೆ?”

ಕೆಮ್ಮು ಮಾತ್ರ ಬಂತು.

ಎರಡು ಗಂಟೆಗೆ ಐದು ಸಾವಿರದ ನೂರೈವತ್ತು ಮೀಟರಿನಲ್ಲಿರುವ ಗವಿಯನ್ನು ತಲುಪಿದರು. ಮಾರಿಕೆ ಕಲ್ಲಿಗೊರಗಿ ಕುಳಿತು ಚಹಾ ಕುಡಿದಳು. ಅವಳಿಗೆ ಸಣ್ಣ ತಲೆನೋವು. ವಾಂತಿಯಿಲ್ಲ, ನಡಿಗೆ ನೆಟ್ಟಗಿದೆ. ಅವಳ ಬೆರಳು ಎಪ್ಪತ್ತೊಂಬತ್ತು ತೋರಿಸಿತು. ಐಕಾಯೆಲಿ ಬರೆದುಕೊಂಡು ತಲೆಯೆತ್ತಿದಾಗ ಒಂಬೆನಿ ಇನ್ನೂ ಇಪ್ಪತ್ತು ಹೆಜ್ಜೆ ಕೆಳಗಿದ್ದ. ಬರುವಾಗ ದಾರಿಯ ಅಂಚಿನಿಂದ ಒಮ್ಮೆ ಹೊರಗೆ ಕಾಲಿಟ್ಟ, ಸಾವರಿಸಿಕೊಂಡ, ಮತ್ತೊಮ್ಮೆ ಹೊರಗಿಟ್ಟ.

“ಅವನು ಕುಡಿದಿದ್ದಾನಾ?” ಎಂದು ಮಾರಿಕೆ ಮೆಲ್ಲಗೆ ಕೇಳಿದಳು.

ಐಕಾಯೆಲಿಗೂ ಅದೇ ಅನುಮಾನ ಬಂದಿತ್ತು, ಅವನಿಗೆ ಸಿಟ್ಟೂ ಬಂದಿತ್ತು. ಹೊರಡುವ ಹಿಂದಿನ ದಿನ ಸೋದರಮಾವನ ಮನೆಯಲ್ಲಿ ಒಂಬೆನಿ ಬಾಳೆಹಣ್ಣಿನ ಕಳ್ಳನ್ನು ಸೋರೆಬುರುಡೆಯಲ್ಲಿ ಎಷ್ಟು ಸಲ ತುಂಬಿಸಿಕೊಂಡಿದ್ದನೆಂದು ಅವನು ಎಣಿಸಿದ್ದ. ಬೆಟ್ಟಕ್ಕೆ ಬಾಟಲಿ ತಂದಿರಬಹುದೇ? ಹತ್ತಿರ ಬಂದವನ ಬಾಯಿಯನ್ನು ಮೂಸಿ ನೋಡಿದ. ಶುಂಠಿಯ ವಾಸನೆಯಿತ್ತು.

“ಏನಾಗಿದೆ?”

“ಹೊಟ್ಟೆ ಭಾವ. ಕಿಸಾಂಗಾನ ಹುರುಳಿಕಾಳು.” ಒಂಬೆನಿ ಮೊಣಕಾಲಿನ ಮೇಲೆ ಕೈಯೂರಿ ಉಸಿರು ತುಂಬಿಕೊಂಡ. ಒಂದು ವಾಕ್ಯಕ್ಕೆ ಎರಡು ಸಲ ತುಂಬಿಕೊಳ್ಳಬೇಕಾಯಿತು. “ಎರಡು ಸಲ ಕೂತು ಬಂದೆ. ನಾನು ಇಳೀತೀನಿ. ನೀವು ಅಮ್ಮನ್ನ ಕರ್ಕೊಂಡು ಹೋಗಿ.”

“ಈಗ ಇಳಿದರೆ ಹೆಬ್ಬಾಗಿಲಲ್ಲಿ ಏನಂತಾರೆ ಗೊತ್ತಲ್ಲ?”

“ಹೊಟ್ಟೆ ಕೆಟ್ಟಿತ್ತು ಅನ್ನಿ. ಹೊಟ್ಟೆ ಎಲ್ಲರಿಗೂ ಕೆಡುತ್ತೆ.” ಅವನು ನಗಲು ನೋಡಿದ. “ಅಕ್ಕನಿಗೆ ಮಾತ್ರ ಹೇಳಬೇಡಿ.”

ಮಾರಿಕೆ ಎದ್ದು ನಿಂತಳು. “ಐಕಾಯೆಲಿ, ಮೆಷಿನ್ ಕೊಡು. ಒಂದೇ ನಿಮಿಷ.”

ಐಕಾಯೆಲಿಯ ಹೆಬ್ಬೆರಳಿಗೆ ಒಳಜೇಬಿನ ಯಂತ್ರ ತಗುಲಿತು. ಹತ್ತು ಸೆಕೆಂಡಿನ ಕೆಲಸ. ಆದರೆ ಅತಿಥಿಯ ಎದುರಿಗೆ, ಮೂವತ್ನಾಲ್ಕು ವರ್ಷದ ಮರಾಂಗುವಿನ ಗಂಡಸಿನ ಕೈಯನ್ನು ಹಿಡಿದು ಬೆರಳಿಗೆ ಅದನ್ನು ಸಿಕ್ಕಿಸುವುದು, ಅಂಕಿಯನ್ನು ಅತಿಥಿಗಳ ಪುಸ್ತಕದಲ್ಲಿ ಬರೆಯುವುದು ಎಂದರೆ, ಅದು ನಾಲ್ಕು ಜನರ ನಡುವೆ ಅವನ ಬಟ್ಟೆ ಬಿಚ್ಚಿ ನಿಲ್ಲಿಸಿದಂತೆ. ಒಂಬೆನಿ ಆಗಲೇ ಕೈಗಳನ್ನು ಕಂಕುಳಿಗೆ ಸೇರಿಸಿಕೊಂಡು ಭಾವನ ಮುಖವನ್ನೇ ನೋಡುತ್ತಿದ್ದ.

“ಹೊಟ್ಟೆಗೆ ಮೆಷಿನ್ ಇಲ್ಲ ಅಮ್ಮಾ,” ಎಂದ ಐಕಾಯೆಲಿ. “ಇಳೀಲಿ ಬಿಡಿ.”

“ಒಬ್ಬನನ್ನೇ ಕಳಿಸ್ತೀಯಾ? ನನ್ನನ್ನ ಹೀಗೆ ಕಳಿಸ್ತಿದ್ದೆಯಾ?”

“ನಿಮ್ಮನ್ನ ಹೇಗೆ ಕಳಿಸೋದು? ನೀವು ಅತಿಥಿ. ಇದು ಅವನ ಹಿತ್ತಲು. ಅರ್ಧ ಗಂಟೆಯಲ್ಲಿ ಜಲ್ಲಿ ಮೇಲೆ ಜಾರಿಕೊಂಡು ಹೋಗಿ ಕಂಬಳಿ ಹೊದ್ದು ಮಲಗಿರ್ತಾನೆ.”

ಅವನು ಹೇಳಿದ್ದು ಸುಳ್ಳಲ್ಲ. ತಂಡದವರು ಒಬ್ಬೊಬ್ಬರಾಗಿ ಇಳಿಯುವುದು ದಿನನಿತ್ಯದ ಮಾತು. ಅತಿಥಿಯನ್ನು ಮಾತ್ರ ಎಂದೂ ಒಂಟಿಯಾಗಿ ಬಿಡುವುದಿಲ್ಲ. ಎರಡೂಕಾಲು ದಾಟಿ ಐದು ನಿಮಿಷಕ್ಕೆ ಒಂಬೆನಿ ಕೆಳಮುಖನಾದ. ಅವನ ಹಣೆಯ ದೀಪ ಕತ್ತಲೆಯಲ್ಲಿ ಎಡಕ್ಕೆ ಬಲಕ್ಕೆ ಹೊಯ್ದಾಡುತ್ತ ಸಣ್ಣದಾಯಿತು.

ಗವಿಯ ಮೇಲೆ ದಾರಿ ಇನ್ನೂ ಕಡಿದು. ಐಕಾಯೆಲಿ ನೂರು ಹೆಜ್ಜೆಗೊಮ್ಮೆ ಅತಿಥಿಯನ್ನು ನಿಲ್ಲಿಸಿ, ಉಸಿರು ಸಮವಾಗುವ ತನಕ ಕಾಯುತ್ತಿದ್ದ. ಕಾಯುವಾಗಲೆಲ್ಲ ಕೆಳಗೆ ನೋಡುತ್ತಿದ್ದ. ಮೊದಲ ನೂರು ಹೆಜ್ಜೆಗೆ ದೀಪ ಚಲಿಸುತ್ತಿತ್ತು. ಎರಡನೆಯ ನೂರಕ್ಕೂ ಚಲಿಸುತ್ತಿತ್ತು. ಮೂರನೆಯ ನೂರಕ್ಕೆ ಅದು ನಿಂತಿತ್ತು. ಗಡಿಯಾರ ಎರಡು ಮೂವತ್ತಾರು ತೋರಿಸುತ್ತಿತ್ತು.

ಹೊಟ್ಟೆಯೆಂದನಲ್ಲ, ಮತ್ತೆ ಕೂತಿರಬೇಕು ಎಂದುಕೊಂಡ.

ನಾಲ್ಕನೆಯ ನೂರಕ್ಕೂ ಅದು ಅಲ್ಲಿಯೇ ಇತ್ತು. ದಣಿವಾರಿಸಿಕೊಳ್ಳುತ್ತಿರಬೇಕು, ಇಲ್ಲವೇ ಕಲ್ಲಿನ ಮರೆಯಲ್ಲಿ ಒಂದು ನಿದ್ದೆ ತೆಗೆಯುತ್ತಿರಬೇಕು. ಅಂಥ ಚಳಿಯಲ್ಲಿ ಯಾರೂ ನಿದ್ದೆ ತೆಗೆಯುವುದಿಲ್ಲವೆಂಬುದು ಅವನಿಗೆ ಗೊತ್ತಿದ್ದ ವಿಷಯವೇ. ಆದರೂ ಆ ವಿವರಣೆಯನ್ನು ಮುಂದಿನ ನೂರು ಹೆಜ್ಜೆ ಹೊತ್ತುಕೊಂಡು ಹೋದ. ಆಮೇಲೆ ಮತ್ತೊಂದು ವಿವರಣೆ ಹುಟ್ಟಿತು: ದೀಪ ಬಿದ್ದುಹೋಗಿರಬೇಕು, ಅವನು ಕತ್ತಲೆಯಲ್ಲೇ ಇಳಿದು ಈಗ ಕಿಬೋ ಸೇರಿರಬೇಕು. ಕಿಸಾಂಗಾನನ್ನು ಕೇಳೋಣವೆಂದರೆ ಆ ಬದಿಯಲ್ಲಿ ಫೋನಿಗೆ ಜೀವವಿರಲಿಲ್ಲ.

ಎಂಟನೆಯ ನೂರಕ್ಕೆ ಮಾರಿಕೆ ಅವನ ಕಣ್ಣು ಹೋದ ಕಡೆಗೆ ತಾನೂ ನೋಡಿದಳು.

“ಅದು ಕಲ್ಲೋ, ಅವನ ಲೈಟೋ?”

ಐಕಾಯೆಲಿ ಗಡಿಯಾರವನ್ನು ನೋಡಿದ.

“ಎಷ್ಟು ಹೊತ್ತಾಯ್ತು?”

“ಒಂದು ಗಂಟೆ. ಸ್ವಲ್ಪ ಹೆಚ್ಚು.”

“ನೀನು ಒಂದು ಗಂಟೆಯಿಂದ ನೋಡ್ತಾ ಇದ್ದೀಯಾ?”

ಅವಳ ದನಿಯಲ್ಲಿ ಆರೋಪವಿರಲಿಲ್ಲ. ಹೆರಿಗೆ ಕೋಣೆಯಲ್ಲಿ ಹೊತ್ತು ಕೇಳುವ ದನಿ ಅದು. ಅವಳು ಆಗಲೇ ಕೋಲುಗಳನ್ನು ತಿರುಗಿಸಿಕೊಂಡು ಕೆಳಮುಖವಾಗಿ ನಿಂತಿದ್ದಳು. ಜ್ವಾಲಾಮುಖಿಯ ಬಾಯಿಯಂಚಿನ ಬಂಡೆಗಳು ತಲೆಯ ಮೇಲೆ ಇನ್ನೂರು ಮೀಟರಿನಷ್ಟು ದೂರದಲ್ಲಿ ಕಪ್ಪಗೆ ಕಾಣುತ್ತಿದ್ದವು.

“ಅಮ್ಮಾ, ನಿಮ್ಮ ಶಿಖರ—”

“ನಡಿ,” ಎಂದಳು.

ಜಲ್ಲಿಯ ಮೇಲೆ ಹಿಮ್ಮಡಿಯೂರಿ ಜಾರುತ್ತ ಇಳಿದರು. ಎರಡು ಗಂಟೆ ಏರಿದ್ದನ್ನು ನಲವತ್ತು ನಿಮಿಷದಲ್ಲಿ ಇಳಿದು, ನಾಲ್ಕು ಇಪ್ಪತ್ತೈದಕ್ಕೆ ದೀಪದ ಬಳಿ ತಲುಪಿದರು. ದೀಪ ಒಂಬೆನಿಯ ಹಣೆಯ ಮೇಲೆಯೇ ಇತ್ತು. ಅವನು ಒಂದು ಬಂಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದ. ದಪ್ಪ ಅಂಗಿಯನ್ನು ಕಳಚಿ, ಒಪ್ಪವಾಗಿ ಮಡಚಿ, ಪಕ್ಕದಲ್ಲಿ ಇಟ್ಟುಕೊಂಡಿದ್ದ. ತುಟಿಯ ಅಂಚಿನಲ್ಲಿ ತೆಳು ಕೆಂಪು ನೊರೆಯಿತ್ತು.

“ಗಾಡಿ ಪಕ್ಕಕ್ಕೆ ಹಾಕು,” ಎಂದ, ಐಕಾಯೆಲಿಯನ್ನು ನೋಡಿ. “ಸೇತುವೆ ಮೇಲೆ ನೀರು ಬಂದಿದೆ. ಹೋಗೋಕಾಗಲ್ಲ.”

“ಒಂಬೆನಿ, ನಾನು. ನಿನ್ನ ಭಾವ.”

“ಸಿಮೆಂಟ್ ನೆನೆದರೆ ನಾನು ಹೊಣೆಯಲ್ಲ,” ಎಂದ ಒಂಬೆನಿ ತಾಳ್ಮೆಯಿಂದ. “ನಿಮಗೆ ಆಗಲೇ ಹೇಳಿದ್ದೆ.”

ಐಕಾಯೆಲಿ ಯಂತ್ರವನ್ನು ತೆಗೆದು ಅವನ ಬೆರಳಿಗೆ ಸಿಕ್ಕಿಸಿದ. ನಲವತ್ತೆರಡು. ತಪ್ಪಿರಬೇಕೆಂದು ಆ ಬೆರಳನ್ನು ತನ್ನ ಬಾಯೊಳಗಿಟ್ಟು ಬೆಚ್ಚಗೆ ಮಾಡಿ ಮತ್ತೆ ಸಿಕ್ಕಿಸಿದ. ನಲವತ್ತೊಂದು. ಇಪ್ಪತ್ತಾರು ವರ್ಷಗಳಲ್ಲಿ ಅವನ ಯಾವ ಪುಸ್ತಕದಲ್ಲೂ ಅಂಥ ಅಂಕಿ ಇರಲಿಲ್ಲ. ಅಂಕಿ ಐವತ್ತೆಂಟಕ್ಕೆ ಇಳಿದಾಗಲೇ ಅವನು ಅತಿಥಿಗಳನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದ್ದ.

ಮಾರಿಕೆ ಒಂಬೆನಿಯ ಬೆನ್ನಿಗೆ ಕಿವಿಯಿಟ್ಟಳು. ಎರಡೂ ಕಡೆ, ಮೇಲಿಂದ ಕೆಳಗೆ. ನೆಟ್ಟಗಾದಾಗ ಅವಳ ಮುಖದಲ್ಲಿ ಏನೂ ಇರಲಿಲ್ಲ.

“ಕುದಿಯೋ ಗಂಜಿ,” ಎಂದಳು. “ಎರಡೂ ಕಡೆ ನೀರು ತುಂಬಿದೆ. ತಲೆಗೂ ಏರಿದೆ. ಸೂಜಿ ಕೊಡು.”

ಮಿದುಳಿನ ಊತ ತಗ್ಗಿಸುವ ಸೂಜಿಯನ್ನು ಅವಳೇ ತೊಡೆಗೆ ಚುಚ್ಚಿದಳು. ಐಕಾಯೆಲಿ ಸಿಲಿಂಡರಿನ ತಿರುಗಣೆಯನ್ನು ತೆರೆದು, ಮುಖವಾಡವನ್ನು ಒಂಬೆನಿಯ ಮೂಗಿನ ಮೇಲೆ ಬಿಗಿದ. ನಿಮಿಷಕ್ಕೆ ನಾಲ್ಕು ಲೀಟರಿನಂತೆ ಬಿಟ್ಟರೆ ನೂರು ನಿಮಿಷ. ಎರಡರಂತೆ ಬಿಟ್ಟರೆ ಇನ್ನೂರು. ಹೊರೊಂಬೊ ತಂಗುದಾಣಕ್ಕೆ, ಅಂದರೆ ಮೂರು ಸಾವಿರದ ಏಳುನೂರು ಮೀಟರಿಗೆ, ಹೊತ್ತು ಇಳಿಸಲು ಕಡಿಮೆಯೆಂದರೂ ನಾಲ್ಕೂವರೆ ಗಂಟೆ ಬೇಕು. ಅವನು ಎರಡಕ್ಕೆ ಇಟ್ಟು ನೋಡಿದ. ಬೆರಳು ನಲವತ್ತೆಂಟಕ್ಕೆ ಬಂದು ನಿಂತಿತು. ನಾಲ್ಕಕ್ಕೆ ತಿರುಗಿಸಿದ. ಅರವತ್ತೊಂದಾಯಿತು. ಒಂಬೆನಿಯ ಕಣ್ಣು ಸ್ವಲ್ಪ ಹೊತ್ತು ಭಾವನ ಮೇಲೆ ನಿಂತಿತು.

“ಭಾವ,” ಎಂದ.

“ಹೂಂ.”

“ಅಮ್ಮ ಮೇಲೆ ಹೋದ್ರಾ?”

“ಹೋಗಿ ಬಂದ್ರು,” ಎಂದ ಐಕಾಯೆಲಿ. ಮಾರಿಕೆ ಅದನ್ನು ತಿದ್ದಲಿಲ್ಲ.

“ಒಳ್ಳೇದಾಯ್ತು. ಹೊಟ್ಟೆ ಅಂತಲೇ ಹೇಳಿ.”

ಆಮೇಲೆ ಅವನು ಮತ್ತೆ ಲಾರಿಯ ಮಾತಿಗೆ ಹೋದ. ಸಿಲಿಂಡರನ್ನು ನಾಲ್ಕರಲ್ಲಿಯೇ ಬಿಟ್ಟರು.

ಐಕಾಯೆಲಿ ಅವನನ್ನು ಬೆನ್ನ ಮೇಲೆ ಹಾಕಿಕೊಂಡ. ಮಾರಿಕೆ ಪಕ್ಕದಲ್ಲಿ ಸಿಲಿಂಡರ್ ಹಿಡಿದು ಬೆಳಕು ತೋರಿಸುತ್ತ ನಡೆದಳು. ಜಲ್ಲಿಯಲ್ಲಿ ಕಾಲು ಮೊಣಕಾಲಿನ ತನಕ ಹೂತುಹೋಗುತ್ತಿತ್ತು. ಐವತ್ತೊಂದು ವರ್ಷದ ದೇಹ ಎಷ್ಟು ಹೊರಬಲ್ಲದೆಂಬುದು ಐಕಾಯೆಲಿಗೆ ಆ ತನಕ ತಿಳಿದಿರಲಿಲ್ಲ. ಆಗಲೂ ತಿಳಿಯಲಿಲ್ಲ, ಏಕೆಂದರೆ ಅವನು ದೇಹದ ಕಡೆ ಗಮನ ಕೊಡಲಿಲ್ಲ. ಬೆನ್ನಿನ ಮೂಲಕ ಆ ಕುದಿತ ಕೇಳಿಸುತ್ತಿತ್ತು. ಅದು ಕೇಳಿಸುವಷ್ಟು ಕಾಲ ಎಲ್ಲವೂ ಸರಿಯಾಗಿದೆಯೆಂದು ಲೆಕ್ಕ ಹಾಕಿಕೊಂಡ.

ಇಳಿಸಿದರೆ ಸರಿಹೋಗುತ್ತದೆ. ಈ ಕಾಯಿಲೆಗೆ ಇರುವ ಮದ್ದು ಅದೊಂದೇ. ಉಳಿದದ್ದೆಲ್ಲ ಇಳಿಯುವ ತನಕ ಜೀವ ಹಿಡಿದಿಡುವ ಉಪಾಯ. ಮುನ್ನೂರು ಮೀಟರ್ ಇಳಿಸಿದರೆ ಅತಿಥಿ ಕಣ್ಣು ತೆರೆಯುತ್ತಾನೆ, ಐನೂರು ಇಳಿಸಿದರೆ ಹೆಸರು ಹೇಳುತ್ತಾನೆ, ಸಾವಿರ ಇಳಿಸಿದರೆ ಎದ್ದು ಕುಳಿತು ಚಹಾ ಕೇಳುತ್ತಾನೆ. ಐಕಾಯೆಲಿ ಹಾಗೆ ಮೂವತ್ತೊಂದು ಜನರನ್ನು ಇಳಿಸಿದ್ದ. ಮೂವತ್ತೊಂದು ಜನರೂ ಚಹಾ ಕೇಳಿದ್ದರು. ಆದರೆ ಅವರನ್ನೆಲ್ಲ ಅವನು ಮೊದಲ ಲಕ್ಷಣ ಕಂಡ ಗಳಿಗೆಯಲ್ಲೇ ತಿರುಗಿಸಿದ್ದ.

ಐದೂಮುಕ್ಕಾಲಕ್ಕೆ ಕಿಬೋ ತಲುಪುವ ಹೊತ್ತಿಗೆ ಪೂರ್ವದಲ್ಲಿ ಮಾವೆಂಜಿ ಶಿಖರದ ಮೊನಚುಗಳ ಹಿಂದೆ ಬೆಳಕು ಹರಿದಿತ್ತು. ಕಿಸಾಂಗಾ ಕಂಬಳಿ ಹೊದ್ದುಕೊಂಡೇ ಹೊರಗೆ ಬಂದ. “ಅಮ್ಮನಿಗೆ ಏನಾಯ್ತು?” ಎಂದು ಕೇಳಿ, ಬೆನ್ನ ಮೇಲಿದ್ದವನನ್ನು ನೋಡಿ, ಕಂಬಳಿಯನ್ನು ಅಲ್ಲಿಯೇ ಬಿಟ್ಟ.

“ಯಜಮಾನ್ರೆ, ಇವನಿಗೆ ಏನಾಯ್ತು? ಬಿದ್ದನಾ?”

“ಬೆಟ್ಟದ ಕಾಯಿಲೆ.”

“ಒಂಬೆನಿಗಾ?” ಕಿಸಾಂಗಾ ಅದನ್ನು ನಂಬಲಿಲ್ಲ. ಮುಖವಾಡವನ್ನು ನೋಡಿದ, ಮಾರಿಕೆಯನ್ನು ನೋಡಿದ, ಮತ್ತೆ ಮುಖವಾಡವನ್ನು ನೋಡಿದ. “ಮೊನ್ನೆ ರಾತ್ರಿ ಪಕ್ಕದಲ್ಲಿ ಮಲಗಿದ್ದಾಗ ಗೊರಗೊರ ಅಂತಿದ್ದ. ಗೊರಕೆ ಅಂದ್ಕೊಂಡು ಒದ್ದೆ, ಯಜಮಾನ್ರೆ. ಎರಡು ಸಲ ಒದ್ದೆ. ಆಮೇಲೆ ಎದ್ದು ಗೋಡೆಗೆ ಒರಗಿ ಕೂತ.”

“ಮಲಗಲಿಲ್ವಾ?” ಎಂದಳು ಮಾರಿಕೆ.

“ಎರಡು ರಾತ್ರಿಯಿಂದ ಕೂತೇ ಇದ್ದ ಅಮ್ಮಾ. ಮಲಗಿದ್ರೆ ಉಸಿರು ಕಟ್ಟುತ್ತೆ ಅಂದ. ಯಾರಿಗೂ ಹೇಳಬೇಡ ಅಂದ. ಭಾವನಿಗಂತೂ ಹೇಳಲೇಬೇಡ ಅಂದ.”

ಹೊರೆಯಾಳುಗಳು ಒಂಟಿಚಕ್ರದ ಸ್ಟ್ರೆಚರನ್ನು ಎಳೆದು ತಂದರು. ಕಬ್ಬಿಣದ ಚೌಕಟ್ಟು, ನಡುವೆ ಮೋಟಾರ್‌ಸೈಕಲ್ಲಿನ ಚಕ್ರ, ಮುಂದೆ ಇಬ್ಬರಿಗೆ, ಹಿಂದೆ ಇಬ್ಬರಿಗೆ ಹಿಡಿಕೆ. ಒಂಬೆನಿಯನ್ನು ಮೂರು ಪಟ್ಟಿಗಳಿಂದ ಬಿಗಿದು, ತಲೆಯ ಕಡೆ ಎತ್ತರವಾಗುವಂತೆ ಕೆಳಗೆ ಮಲಗುವ ಚೀಲ ಒತ್ತಿದರು. ತಂಗುದಾಣದ ರೇಡಿಯೋದಿಂದ ಕೆಳಗೆ ಸುದ್ದಿ ಹೋಯಿತು. ಮೋಡದ ಹಾಸು ಮೂರೂವರೆ ಸಾವಿರ ಮೀಟರಿನ ತನಕ ಏರಿದೆ, ಹತ್ತು ಗಂಟೆಗೆ ಮೊದಲು ಹೆಲಿಕಾಪ್ಟರ್ ಹಾರಲಾರದು, ಅಷ್ಟರಲ್ಲಿ ಇಳಿಸುತ್ತಿರಿ ಎಂದು ಉತ್ತರ ಬಂತು.

ಇಳಿಸಿದರು. ಕಿಬೋದಿಂದ ಹೊರೊಂಬೊದ ಕಡೆಗೆ ಎರಡು ಶಿಖರಗಳ ನಡುವೆ ಬೋಳು ಮೈದಾನವೊಂದು ಕಿಲೋಮೀಟರುಗಟ್ಟಲೆ ಚಾಚಿಕೊಂಡಿದೆ. ಅಲ್ಲಿ ನಡಿಗೆ ಸಲೀಸು, ಆದರೆ ಇಳಿಜಾರು ಕಡಿಮೆ. ಒಂದು ಗಂಟೆ ಓಡಿದರೂ ಹೆಚ್ಚೇನೂ ಕೆಳಗೆ ಹೋಗಲಾಗದು. ಇಷ್ಟು ವರ್ಷ ಐಕಾಯೆಲಿ ಆ ಮೈದಾನವನ್ನು ಇಷ್ಟಪಟ್ಟಿದ್ದ. ಅತಿಥಿಗಳಿಗೆ ಅಲ್ಲಿ ಕಾಲಿಗೆ ಬಿಡುವು ಸಿಗುತ್ತಿತ್ತು. ಈಗ ಅದರ ಸಮತಟ್ಟು ಒಂಬೆನಿಯನ್ನು ಕೊಲ್ಲುತ್ತಿತ್ತು.

ಆರು ಗಂಟೆ ಹನ್ನೆರಡು ನಿಮಿಷಕ್ಕೆ ಸಿಲಿಂಡರಿನ ಮುಳ್ಳು ಸೊನ್ನೆಗೆ ಬಂತು. ಮಾರಿಕೆ ಮುಖವಾಡವನ್ನು ತೆಗೆದಳು. ಖಾಲಿ ಮುಖವಾಡ ಉಸಿರಿಗೆ ಅಡ್ಡಿಯಷ್ಟೆ. ಒಂಬೆನಿಯ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಅವನು ಮಾತಾಡುವುದನ್ನು ನಿಲ್ಲಿಸಿದ್ದ. ನೊರೆ ಮಾತ್ರ ಬರುತ್ತಿತ್ತು. ಅವಳು ಕೈವಸ್ತ್ರದಿಂದ ಒರೆಸುತ್ತಿದ್ದಳು, ಕೈವಸ್ತ್ರ ನೆನೆದ ಮೇಲೆ ತನ್ನ ಉಣ್ಣೆಯ ಟೋಪಿಯಿಂದ ಒರೆಸಿದಳು.

“ವೇಗವಾಗಿ,” ಎಂದ ಐಕಾಯೆಲಿ. “ಇನ್ನೂ ವೇಗವಾಗಿ.”

“ಚಕ್ರ ಹಾರ್ತಿದೆ ಯಜಮಾನ್ರೆ,” ಎಂದ ಮುಂದಿದ್ದ ಕಿಸಾಂಗಾ. “ಅವನ ತಲೆ ಬಡೀತದೆ.”

“ನಾನು ತಲೆ ಹಿಡ್ಕೊತೀನಿ. ಓಡಿ.”

ಅವನು ಹಿಡಿಕೆಯನ್ನು ಇನ್ನೊಬ್ಬನಿಗೆ ಕೊಟ್ಟು, ಪಕ್ಕದಲ್ಲಿ ಓಡುತ್ತ ಎರಡು ಅಂಗೈಗಳ ನಡುವೆ ಒಂಬೆನಿಯ ತಲೆಯನ್ನು ಹಿಡಿದುಕೊಂಡ. ಕಬ್ಬಿಣದ ಖಡಖಡದಲ್ಲಿ ಆ ಕುದಿತ ಈಗ ಕೇಳಿಸುತ್ತಿರಲಿಲ್ಲ. ನಿಂತರೆ ಕೇಳಿಸಬಹುದಿತ್ತು, ಆದರೆ ನಿಲ್ಲುವಂತಿರಲಿಲ್ಲ.

ಏಳೂಕಾಲಕ್ಕೆ, ಮೈದಾನ ಮುಗಿದು ದಾರಿ ನಿಜವಾಗಿ ಇಳಿಯತೊಡಗುವ ಕಡೆ, ಮಾರಿಕೆ ಕೈ ಚಾಚಿ ಎಲ್ಲರನ್ನೂ ನಿಲ್ಲಿಸಿದಳು. ಒಂಬೆನಿಯ ಕುತ್ತಿಗೆಯಲ್ಲಿ ಬೆರಳಿಟ್ಟಳು. ಅಂಗಿಯ ಗುಂಡಿ ಬಿಚ್ಚಿ ಎದೆಗೆ ಕಿವಿಯಿಟ್ಟಳು. ಆಮೇಲೆ ಎದೆಯನ್ನು ಒತ್ತತೊಡಗಿದಳು. ಒತ್ತಿದಳು, ಬಾಯಿಯಿಂದ ಊದಿದಳು, ಮತ್ತೆ ಒತ್ತಿದಳು. ಆ ಎತ್ತರದಲ್ಲಿ ಅವಳ ಉಸಿರೇ ಅವಳಿಗೆ ಸಾಲದಾಗಿತ್ತು. ಕಿಸಾಂಗಾ ಅವಳಿಂದ ಕೆಲಸವನ್ನು ತೆಗೆದುಕೊಂಡ. ಅವನಿಂದ ಮತ್ತೊಬ್ಬ ತೆಗೆದುಕೊಂಡ. ಹಾಗೆ ಇಪ್ಪತ್ತೆಂಟು ನಿಮಿಷ ನಡೆಯಿತು. ಅಷ್ಟೂ ಹೊತ್ತು ಐಕಾಯೆಲಿ ತಲೆಯನ್ನು ಹಿಡಿದುಕೊಂಡೇ ಇದ್ದ.

“ಐಕಾಯೆಲಿ,” ಎಂದಳು ಮಾರಿಕೆ. “ಹೋಗಿಬಿಟ್ಟ.”

“ನಾವೀಗ ನಾಲ್ಕು ಸಾವಿರದ ಇನ್ನೂರರಲ್ಲಿದ್ದೀವಿ, ಅಮ್ಮಾ,” ಎಂದ ಐಕಾಯೆಲಿ. “ಇನ್ನೂ ಐನೂರು ಇದೆ.”

“ಐಕಾಯೆಲಿ.”

“ಇಳಿದರೆ ಸರಿಹೋಗುತ್ತೆ. ನಿಮಗೆ ಗೊತ್ತಿಲ್ಲ. ನಾಲ್ಕು ಸಾವಿರದಿಂದ ಕೆಳಗೆ ಹೋದರೆ ಎಲ್ಲರೂ ಏಳ್ತಾರೆ.”

ಅವನು ಹಿಂದಿನ ಹಿಡಿಕೆಯನ್ನು ಹಿಡಿದ. ಕಿಸಾಂಗಾ ಮಾರಿಕೆಯ ಕಡೆ ನೋಡಿದ. ಅವಳು ಒಂಬೆನಿಯ ಅಂಗಿಯ ಗುಂಡಿ ಹಾಕಿದಳು. ಕಿಸಾಂಗಾ ಮುಂದಿನ ಹಿಡಿಕೆಯನ್ನು ಹಿಡಿದ. ಚಕ್ರ ಉರುಳಿತು. ಮುಂಚಿನಷ್ಟೇ ವೇಗವಾಗಿ ಓಡಿದರು. ದಣಿದವನ ಜಾಗಕ್ಕೆ ಇನ್ನೊಬ್ಬ ಬಂದ, ಅವನ ಜಾಗಕ್ಕೆ ಮತ್ತೊಬ್ಬ. ಐಕಾಯೆಲಿಯ ಜಾಗಕ್ಕೆ ಮಾತ್ರ ಯಾರೂ ಬರಲಿಲ್ಲ. ಮರದಷ್ಟು ಎತ್ತರದ ಆ ವಿಚಿತ್ರ ಗಿಡಗಳು, ತುದಿಯಲ್ಲಿ ಎಲೆಕೋಸಿನಂಥ ತಲೆ ಹೊತ್ತು, ದಾರಿಯ ಪಕ್ಕದಲ್ಲಿ ಕಾಣಿಸಿಕೊಳ್ಳತೊಡಗಿದವು. ಅವು ಬಂದವೆಂದರೆ ನಾಲ್ಕು ಸಾವಿರದ ಗೆರೆ ದಾಟಿದಂತೆ. ಐಕಾಯೆಲಿ ಓಡುತ್ತಲೇ ಬಾಗಿ ಒಂಬೆನಿಯ ಮುಖವನ್ನು ನೋಡಿದ. ಮತ್ತೆ ನೂರು ಮೀಟರ್ ಇಳಿದ ಮೇಲೆ ನೋಡಿದ.

ಕೆಳಗಿನಿಂದ ಹೊಸ ತಂಡವೊಂದು ಏರಿ ಬರುತ್ತಿತ್ತು, ಹತ್ತು ಹನ್ನೆರಡು ಅತಿಥಿಗಳು, ಬಣ್ಣಬಣ್ಣದ ಅಂಗಿಗಳು. ಅವರ ಗೈಡ್ ಎಲ್ಲರನ್ನೂ ದಾರಿಯ ಬದಿಗೆ ಸರಿಸಿ ನಿಲ್ಲಿಸಿದ. ಐಕಾಯೆಲಿಯ ಹಳೆಯ ಪರಿಚಯದವನು. ಸ್ಟ್ರೆಚರ್ ಕಂಡಾಗ ಕೇಳುವ ಪ್ರಶ್ನೆಯನ್ನೇ ಕೇಳಿದ.

“ಯಾವ ದೇಶದವರು?”

“ಮರಾಂಗು,” ಎಂದ ಕಿಸಾಂಗಾ.

ಆ ಗೈಡ್ ನಗಲು ಬಾಯಿ ತೆರೆದ. ಸ್ಟ್ರೆಚರ್ ಮುಂದೆ ಹಾದುಹೋಗುವಾಗ ಮುಖ ಕಂಡು ಬಾಯಿ ಮುಚ್ಚಿ, ಟೋಪಿ ತೆಗೆದ. ಅವನ ಹಿಂದೆ ಸಾಲಾಗಿ ನಿಂತಿದ್ದ ಹೊರೆಯಾಳುಗಳು ತಲೆಯ ಮೇಲಿನ ಹೊರೆಗಳನ್ನು ಒಂದೊಂದಾಗಿ ಕೆಳಗಿಳಿಸಿದರು.

ಹೊರೊಂಬೊದ ಮರದ ಮನೆಗಳ ಮಾಡುಗಳು ಕಾಣಿಸಿದವು. ಅಲ್ಲಿಗೆ ಇನ್ನು ಎರಡು ತಿರುವು. ಎರಡನೆಯ ತಿರುವಿನಲ್ಲಿ ಒಂದು ಚಪ್ಪಟೆ ಬಂಡೆಯಿದೆ. ಮೇಲಿನಿಂದ ಬರುವವರಿಗೆ ಫೋನು ಮೊದಲು ಹತ್ತುವುದು ಅಲ್ಲಿ. ಇಳಿದು ಬಂದ ಅತಿಥಿಗಳೆಲ್ಲ ಆ ಬಂಡೆಯ ಮೇಲೆ ನಿಂತು ಮನೆಗೆ ಮಾತಾಡುತ್ತಾರೆ. ಐಕಾಯೆಲಿಯೂ ಪ್ರತಿ ಸಲ ಅಲ್ಲಿಂದಲೇ ಎಲಿನೇಮಾಗೆ ಕರೆ ಮಾಡುತ್ತಿದ್ದ. ಹೊತ್ತು ಗೊತ್ತಿದ್ದುದರಿಂದ ಅವಳು ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಕಾಯುತ್ತಿದ್ದಳು.

ಮೊದಲ ತಿರುವು ದಾಟಿದ ಮೇಲೆ ಅವನ ಓಟ ನಡಿಗೆಯಾಯಿತು. ಹತ್ತು ಹೆಜ್ಜೆಯಲ್ಲಿ ನಡಿಗೆಯೂ ನಿಂತಿತು. ಇಳಿಜಾರಿನ ಸೆಳೆತಕ್ಕೆ ಚಕ್ರ ಮುಂದಕ್ಕೆ ಎಳೆಯುತ್ತಿತ್ತು; ಅವನು ಹಿಮ್ಮಡಿಯೂರಿ, ತೋಳು ಬಿಗಿಹಿಡಿದು, ಅದನ್ನು ತಡೆದ.

“ಯಜಮಾನ್ರೆ?” ಎಂದ ಕಿಸಾಂಗಾ.

“ತಡಿ,” ಎಂದ ಐಕಾಯೆಲಿ. “ಇಳಿಯೋದು ಬೇಡ. ಸ್ವಲ್ಪ ತಡಿ.”

ಚಕ್ರದ ಕೆಳಗೆ ಒಂದು ಕಲ್ಲನ್ನು ಇಟ್ಟು ಎಲ್ಲರೂ ಅಲ್ಲಿಯೇ ನಿಂತರು. ಕೆಳಗಿನಿಂದ ಮೋಡ ಏರಿ ಬಂದು ಮೊದಲು ಮಾಡುಗಳನ್ನು, ಆಮೇಲೆ ಬಂಡೆಯನ್ನು ಮುಚ್ಚಿತು.